ಮುದ್ದೆ ಹಾಕಿ, ಸಾರು ಬೇಡ

ಪ್ರಶ್ನೆ: ಚಿಕ್ಕಬಳ್ಳಾಪುರದ ಹತ್ತಿರ ನಮ್ಮದು ದ್ರಾಕ್ಷಿ ತೋಟ. ಕಾವಲಿಗೆ ನಾಲ್ಕು ವರ್ಷದ ನಾಟಿ ನಾಯಿ ಇದೆ, ಸುಮಾರು 15 ಕಿಲೋ ತೂಗುತ್ತದೆ. ಎರಡು ಹೊತ್ತೂ ಮನೆಯ ಮುದ್ದೆ, ಬಸ್ಸಾರನ್ನೇ ಹಾಕುತ್ತೇವೆ. ಕೊಯ್ಲಿನ ಕಾಲದಲ್ಲಿ ಉದುರಿದ ಹಣ್ಣನ್ನೂ ತಿನ್ನುತ್ತದೆ. ಏನೂ ತೊಂದರೆ ಇಲ್ಲ ಅಲ್ವಾ ಡಾಕ್ಟ್ರೇ?

ಉತ್ತರ: ತೊಂದರೆ ಇದೆ. ಮೊದಲು ಆ ಹಣ್ಣಿನ ವಿಷಯ ಹೇಳಿಬಿಡುತ್ತೇನೆ. ದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ. ಬೆಂಗಳೂರು ನೀಲಿ ಆಗಲಿ, ದಿಲ್‌ಖುಷ್ ಆಗಲಿ, ಪಾಯಸಕ್ಕೆ ಹಾಕುವ ಒಣದ್ರಾಕ್ಷಿ ಆಗಲಿ, ಯಾವುದೂ ಬೇಡ. ನಾನು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದುವಾಗ ಯಾಕೆ ವಿಷ ಅಂತ ಕೇಳಿದರೆ ಮೇಷ್ಟ್ರ ಹತ್ತಿರವೂ ಉತ್ತರ ಇರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಆ ಆಮ್ಲ ಒಂದೊಂದು ತಳಿಯಲ್ಲಿ, ಒಂದೊಂದು ಹದದ ಹಣ್ಣಿನಲ್ಲಿ ಒಂದೊಂದು ಥರ ಇರುತ್ತದೆ. ಅದಕ್ಕೇ ಒಂದು ನಾಯಿ ಗೊಂಚಲು ತಿಂದೂ ಆರಾಮಾಗಿರುತ್ತದೆ, ಇನ್ನೊಂದು ನಾಲ್ಕು ಹಣ್ಣಿಗೇ ಮಲಗಿಬಿಡುತ್ತದೆ. ನಿಮ್ಮದು ಇಷ್ಟು ದಿನ ಬಚಾವಾಗಿದೆ, ಅಷ್ಟೇ.

ತಿಂದ ಒಂದು ದಿನದೊಳಗೆ ವಾಂತಿ ಶುರುವಾಗುತ್ತದೆ. ಮೂರು ದಿನದೊಳಗೆ ಕಿಡ್ನಿ ಕೈಕೊಡಬಹುದು, ಆಗ ಉಚ್ಚೆ ಕಮ್ಮಿಯಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ತಿಂದದ್ದು ಕಂಡ ಕೂಡಲೇ, ವಾಂತಿಗೆ ಕಾಯದೆ, ಕರೆದುಕೊಂಡು ಹೋಗಿ. ಒಂದೆರಡು ಗಂಟೆಯೊಳಗೆ ಬಂದರೆ ನಾವು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸುತ್ತೇವೆ. ನೀವೇ ಉಪ್ಪುನೀರು ಕುಡಿಸಬೇಡಿ. ಆ ಉಪ್ಪೇ ಇನ್ನೊಂದು ವಿಷ. ಕೊಯ್ಲು ಮುಗಿದು ಉದುರಿದ್ದನ್ನೆಲ್ಲ ಗುಡಿಸುವ ತನಕ ನಾಯಿಯನ್ನು ಮನೆ ಹತ್ತಿರ ಕಟ್ಟಿ.

ಇನ್ನು ಬಸ್ಸಾರು. ಟಾರ್ಟಾರಿಕ್ ಆಮ್ಲ ಹುಣಸೆಯಲ್ಲೂ ಧಾರಾಳವಾಗಿದೆ. ಹುಣಸೆ ಕುಟ್ಟುವ ಮನೆಗಳಿರುವ ತುಮಕೂರು ಕಡೆಯವರೂ ಇದನ್ನು ನೆನಪಿಟ್ಟುಕೊಳ್ಳಿ. ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗಲ್ಲ. ನಿಮ್ಮ ನಾಯಿಯ ತೂಕಕ್ಕೆ 75 ಗ್ರಾಂ, ಅಂದರೆ ಒಂದು ಸಾಧಾರಣ ಈರುಳ್ಳಿ, ಒಂದೇ ಸಲಕ್ಕೆ ಸಾಕು. ದಿನಾ ಸ್ವಲ್ಪ ಸ್ವಲ್ಪ ಹೋದರೂ ಹಾನಿಯೇ. ವಸಡು ಬಿಳಿಚಿಕೊಂಡು, ಉಚ್ಚೆ ಕಾಫಿ ಬಣ್ಣಕ್ಕೆ ತಿರುಗುವುದು ಎಷ್ಟೋ ಸಲ ಕೆಲವು ದಿನ ಕಳೆದ ಮೇಲೆ. ಅಷ್ಟು ಹೊತ್ತಿಗೆ ಕಾರಣ ಯಾರಿಗೂ ನೆನಪಿರುವುದಿಲ್ಲ.

ದಾರಿ ನಿಮ್ಮ ಅಡುಗೆಮನೆಯಲ್ಲೇ ಇದೆ. ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿಯುತ್ತೀರಲ್ಲ, ಉಪ್ಪು, ಖಾರ ಬೀಳುವ ಮೊದಲೇ ಎರಡು ಸೌಟು ಕಟ್ಟು, ಒಂದಿಷ್ಟು ಬೆಂದ ಕಾಳು ನಾಯಿಗೆ ತೆಗೆದಿಡಿ. ಉಪ್ಪಿಲ್ಲದ ಮುದ್ದೆಯನ್ನು ಅದರಲ್ಲಿ ಕಿವುಚಿ ಹಾಕಿ. ಆದರೆ ಮುದ್ದೆಯೊಂದೇ ಸಾಲದು. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೂ ಪ್ರೋಟೀನ್ 100 ಗ್ರಾಂಗೆ 7 ಗ್ರಾಂ ಅಷ್ಟೇ. ದಿನಕ್ಕೆ ಒಂದೆರಡು ಬೇಯಿಸಿದ ಮೊಟ್ಟೆ, ಆದಾಗಲೆಲ್ಲ ಒಂದು ಹಿಡಿ ಕೋಳಿ ಮಾಂಸ ಸೇರಿಸಿ. ಬೆಂದ ಮೂಳೆ ಮಾತ್ರ ಬೇಡ. ಅದು ಸೂಜಿಯ ಹಾಗೆ ಸೀಳಿಕೊಂಡು ಕರುಳಿಗೆ ಚುಚ್ಚುತ್ತದೆ.

ಪ್ರಶ್ನೆ: ತುಮಕೂರಿನಲ್ಲಿದ್ದೇವೆ. ನಮ್ಮ ಲ್ಯಾಬ್ರಡಾರ್‌ಗೆ ಉಣ್ಣೆ ಕಿತ್ತಷ್ಟೂ ಬರುತ್ತವೆ. ಬೆನ್ನ ಮೇಲೆ ಕೂದಲು ಉದುರಿದೆ. ದಿನ ಬಿಟ್ಟು ದಿನ ಸೋಪು ಹಾಕಿ ತೊಳೆಯುತ್ತಿದ್ದೇವೆ. ಪಕ್ಕದ ಮನೆಯವರು ಸುಟ್ಟ ಇಂಜಿನ್ ಆಯಿಲ್ ಹಚ್ಚಿ ಅನ್ನುತ್ತಾರೆ.

ಉತ್ತರ: ಆ ಎಣ್ಣೆ ಗಾಡಿಯಲ್ಲೇ ಇರಲಿ. ನಾಯಿ ಮೈ ನೆಕ್ಕುತ್ತದೆ, ಎಣ್ಣೆ ಹೊಟ್ಟೆಗೆ ಹೋಗುತ್ತದೆ, ಚರ್ಮವೂ ಸುಡುತ್ತದೆ. ಸೀಮೆಎಣ್ಣೆಯೂ ಅಷ್ಟೇ. ಹಸುವಿಗೆ ತಂದ ಉಣ್ಣೆ ಔಷಧಿಯನ್ನು ಅಂದಾಜಿನ ಮೇಲೆ ಸುರಿದು, ನಡುಗುವ ನಾಯಿಯನ್ನು ಎತ್ತಿಕೊಂಡು ಬರುವವರೂ ಇದ್ದಾರೆ.

ಉಣ್ಣೆ ಮತ್ತೆ ಮತ್ತೆ ಬರುವುದು ನಾಯಿಯಿಂದಲ್ಲ, ನಿಮ್ಮ ಗೋಡೆಯಿಂದ. ರಕ್ತ ಕುಡಿದು ಉಬ್ಬಿದ ಹೆಣ್ಣುಣ್ಣೆ ಕೆಳಗೆ ಬಿದ್ದು, ಗೋಡೆಯ ಬಿರುಕಿಗೆ ಹತ್ತಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿ ಮಲಗುವ ಜಾಗದ ಬಿರುಕುಗಳಿಗೆ ಸಿಮೆಂಟ್ ಮೆತ್ತಿ, ಹಾಸಿಗೆ ಬಿಸಿನೀರಲ್ಲಿ ಒಗೆಯಿರಿ. ಉಣ್ಣೆಗೆ ಮಾತ್ರೆಯೂ ಇದೆ, ಕುತ್ತಿಗೆ ಮೇಲೆ ಬಿಡುವ ಔಷಧಿಯೂ ಇದೆ. ತೂಕ ನೋಡಿ ಡಾಕ್ಟರ್ ಬರೆದುಕೊಟ್ಟದ್ದನ್ನು ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿ. ಕೀಳುವಾಗ ಚಿಮಟಿಗೆಯಿಂದ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ.

ಸ್ನಾನ ಎರಡು ಮೂರು ವಾರಕ್ಕೊಮ್ಮೆ ಸಾಕು, ಅದೂ ನಾಯಿಯ ಶಾಂಪೂನಲ್ಲಿ. ನಮ್ಮ ಸೋಪು ಅದರ ಚರ್ಮವನ್ನು ಒಣಗಿಸಿ ಇನ್ನಷ್ಟು ಕೆರೆಸುತ್ತದೆ. ಕೂದಲು ಉದುರಿದ್ದಕ್ಕೆ ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಚಿಗಟದ ಅಲರ್ಜಿ, ಕಜ್ಜಿ ಹುಳ, ಫಂಗಸ್, ಮೂರೂ ಕಣ್ಣಿಗೆ ಒಂದೇ ಥರ ಕಾಣಬಹುದು, ಔಷಧಿ ಮಾತ್ರ ಬೇರೆ ಬೇರೆ. ಮನೆಯವರಿಗೂ ಕೆರೆತ ಇದ್ದರೆ ಅದನ್ನೂ ಹೇಳಿ, ಒಂದು ಜಾತಿಯ ಕಜ್ಜಿ ಹುಳ ಮನುಷ್ಯರಿಗೂ ಹತ್ತುತ್ತದೆ.

ನಾಯಿ ಊಟ ಬಿಟ್ಟು, ಜ್ವರ ಬಂದು, ಮೂಗಿನಲ್ಲಿ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅದು ಉಣ್ಣೆ ಜ್ವರ ಇರಬಹುದು. ಸಾಮಾನ್ಯವಾಗಿ 28 ದಿನ ಮಾತ್ರೆ ನುಂಗಿಸಬೇಕು. ಐದನೇ ದಿನ ಬಾಲ ಅಲ್ಲಾಡಿಸಿತು ಅಂತ ನಿಲ್ಲಿಸಬೇಡಿ.

ಪ್ರಶ್ನೆ: ಕೋಲಾರದಿಂದ ಬರೆಯುತ್ತಿದ್ದೇನೆ. 40 ದಿನದ ಮರಿ ತಂದಿದ್ದೇವೆ. ಹಸುವಿನ ಹಾಲೇ ಆಹಾರ. ಭೇದಿ ನಿಲ್ಲುತ್ತಿಲ್ಲ, ಹೊಟ್ಟೆ ಮಾತ್ರ ಗುಡಾಣದ ಹಾಗಿದೆ.

ಉತ್ತರ: ಹಾಲು ನಿಲ್ಲಿಸಿ. ಅದರಲ್ಲಿರುವ ಸಕ್ಕರೆ ಅಂಶ ಮರಿಗೆ ಅರಗುತ್ತಿಲ್ಲ ಅನ್ನಿಸುತ್ತದೆ. ಮೆತ್ತಗೆ ಬೆಂದ ಅನ್ನ, ನುಣ್ಣಗೆ ಮಾಡಿದ ಕೋಳಿ ಮಾಂಸ ದಿನಕ್ಕೆ ನಾಲ್ಕು ಸಲ ಕೊಡಿ. ಹೊಟ್ಟೆ ಊದಿರುವುದು ಜಂತುಹುಳದಿಂದ ಇರಬಹುದು. ಅದಕ್ಕೆ ಮೂರು ತಿಂಗಳಾಗುವ ತನಕ 15 ದಿನಕ್ಕೊಮ್ಮೆ ಔಷಧಿ ಹಾಕಿಸಬೇಕು. ಭೇದಿಯಲ್ಲಿ ರಕ್ತ ಕಂಡರೆ ಅಥವಾ ವಾಂತಿ ಸೇರಿಕೊಂಡರೆ ಒಂದು ರಾತ್ರಿಯೂ ಕಾಯಬೇಡಿ. ಹೋಗುವಾಗ ಮರಿಯನ್ನೂ ಎತ್ತಿಕೊಂಡು ಹೋಗಿ. ತೂಕ ನೋಡದೆ ಎಷ್ಟು ಔಷಧಿ ಅಂತ ಹೇಳುವುದಕ್ಕೆ ಆಗಲ್ಲ.