ಬ್ಯಾಟರಿ ಬಿಚ್ಚದೆ ಹೆಡ್‌ಲೈಟ್ ಬಲ್ಬ್ ಹಾಕೋಕೆ ಉಪಾಯ ಇದೆಯಾ?

ಇದೆ, ಕೈ ಸಣ್ಣದಿದ್ದವರು ಹಾಗೇ ಹಾಕುತ್ತಾರೆ. ಆದರೂ ನೀವು ಹಾಗೆ ಮಾಡಬೇಡಿ. ಎಡಗಡೆ ಬಲ್ಬ್ ಹೋಗಿದೆ, ಅದರ ಹಿಂದೆಯೇ ಬ್ಯಾಟರಿ ಇದೆ, ಬೆರಳು ತಾಗುತ್ತೆ ಆದರೆ ಏನೂ ಕಾಣಿಸಲ್ಲ ಅಂತ ಬರೆದಿದ್ದೀರಿ. ನನ್ನ ಹಳೆ ಹ್ಯಾಚ್‌ಬ್ಯಾಕ್‌ನಲ್ಲೂ ಹೀಗೇ ಇತ್ತು.

ನಮ್ಮದು ತೀರ್ಥಹಳ್ಳಿ. ಆಗ ಮಳೆಗಾಲ. ಮರುದಿನ ಬೆಳಗಿನ ಜಾವ ಅಮ್ಮನನ್ನು ಉಡುಪಿಗೆ ಕರೆದುಕೊಂಡು ಹೋಗಬೇಕಿತ್ತು. ಅಂದರೆ ಕತ್ತಲಲ್ಲಿ, ಮಂಜಿನಲ್ಲಿ ಆಗುಂಬೆ ಘಾಟಿಯ 14 ತಿರುವು ಇಳಿಯಬೇಕು. ಒಂದೇ ಲೈಟಿನಲ್ಲಿ ಅದು ಆಗದ ಮಾತು. ಬಲ್ಬ್ ತಂದಿದ್ದೆ. ಬ್ಯಾಟರಿ ಬಿಚ್ಚಿದರೆ ಗಡಿಯಾರ, ಸ್ಟೀರಿಯೋ ಸೆಟ್ಟಿಂಗ್ ಎಲ್ಲ ಹೋಗುತ್ತೆ, ಯಾಕೆ ಸುಮ್ನೆ ರಗಳೆ ಅಂದುಕೊಂಡು ಸಂದಿಯಲ್ಲೇ ಕೈ ತೂರಿಸಿದೆ.

ಬಿಚ್ಚುವುದು ಸುಲಭವಾಗಿಯೇ ಆಯಿತು. ಬಲ್ಬಿಗೆ ವೈರು ಸೇರಿಸುವ ಕಪ್ಲರ್ ಎಳೆದೆ, ರಬ್ಬರ್ ಕವರ್ ತೆಗೆದೆ, ಬಲ್ಬನ್ನು ಹಿಡಿದಿರುವ ತಂತಿ ಕ್ಲಿಪ್ ಒತ್ತಿ ಪಕ್ಕಕ್ಕೆ ಸರಿಸಿದೆ, ಹಳೆ ಬಲ್ಬ್ ಕೈಗೆ ಬಂತು. ಎಡವಟ್ಟಾಗಿದ್ದು ಹಾಕುವಾಗ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನೀವೂ ಇದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತೀರಿ.

ನಿಮ್ಮದೂ ಎಚ್4 ಬಲ್ಬ್ ಅಂದಿರಿ, ಅಂದರೆ ಹೈ, ಡಿಮ್ ಎರಡೂ ಒಂದರಲ್ಲೇ ಇರುವಂಥದ್ದು. ಅದರ ಲೋಹದ ಬಳೆಗೆ ಮೂರು ಕಿವಿಗಳಿರುತ್ತವೆ. ಹೆಡ್‌ಲೈಟಿನ ಹಿಂಬದಿಯಲ್ಲಿ ಅದಕ್ಕೆ ಸರಿಯಾಗಿ ಮೂರು ಕಚ್ಚು. ಮೇಲಿನ ಕಿವಿ ಉಳಿದೆರಡಕ್ಕಿಂತ ಬೇರೆ, ಹಾಗಾಗಿ ಬಲ್ಬ್ ಒಂದೇ ಒಂದು ರೀತಿಯಲ್ಲಿ ಕೂರುತ್ತದೆ. ಸರಿಯಾಗಿ ಕೂತರೆ ಬಳೆ ಸುತ್ತಲೂ ಸಮನಾಗಿ ಅಂಟುತ್ತದೆ. ಕ್ಲಿಪ್ ಬೆರಳ ತುದಿಯ ಒತ್ತಡಕ್ಕೇ ಕೊಂಡಿಗೆ ಬೀಳುತ್ತದೆ. ನನ್ನದು ಒಂದು ಪಕ್ಕ ಕಚ್ಚಿನಿಂದ ಹೊರಗೇ ಉಳಿದಿತ್ತು. ಬಳೆ ಓರೆಯಾಗಿ ಎದ್ದು ನಿಂತಿತ್ತು. ಕಣ್ಣಿಗೆ ಕಂಡಿದ್ದರೆ ಒಂದು ಕ್ಷಣದಲ್ಲಿ ಗೊತ್ತಾಗುತ್ತಿತ್ತು. ಬೆರಳಿಗೆ ಗೊತ್ತಾಗಲಿಲ್ಲ. ಕ್ಲಿಪ್ ಕೊಂಡಿಗೆ ತಲುಪುತ್ತಿಲ್ಲ ಅಂದರೆ ಸ್ಪ್ರಿಂಗ್ ಬಿಗಿ ಇರಬೇಕು ಅಂದುಕೊಂಡು ಹೆಬ್ಬೆರಳಲ್ಲಿ ಜೋರಾಗಿ ಒತ್ತಿದೆ. ಕೊಂಡಿ ಪ್ಲಾಸ್ಟಿಕ್ಕಿನದು. ಟಕ್ ಅಂತ ಮುರಿಯಿತು.

ಆ ಕೊಂಡಿ ಬಿಡಿಯಾಗಿ ಸಿಗುವುದಿಲ್ಲ. ಅದು ಹೆಡ್‌ಲೈಟಿನ ಮೈಯಲ್ಲೇ ಇರುವ ಭಾಗ. ಪೂರ್ತಿ ಹೆಡ್‌ಲೈಟನ್ನೇ ಶಿವಮೊಗ್ಗದಿಂದ ತರಿಸಬೇಕಾಯಿತು. ಅದನ್ನು ಕೂರಿಸಲು ಬಂಪರ್ ಸಡಿಲಿಸಲೇಬೇಕು, ಯಾಕೆಂದರೆ ಒಂದು ಬೋಲ್ಟ್ ಬಂಪರಿನ ಮರೆಯಲ್ಲಿರುತ್ತದೆ. ಕೆಲವು ನೂರು ರೂಪಾಯಿಯ ಬಲ್ಬಿನ ಕೆಲಸ ಸಾವಿರಗಳಿಗೆ ಹೋಯಿತು. ಅಮ್ಮನ ಆಸ್ಪತ್ರೆ ಭೇಟಿ ಮುಂದಕ್ಕೆ ಹೋಯಿತು. ನನಗೆ ದುಡ್ಡಿಗಿಂತ ಅದೇ ಜಾಸ್ತಿ ಬೇಜಾರು.

ಅದಕ್ಕೇ ಹೇಳುತ್ತಿದ್ದೇನೆ, ನೀವು ಕೇಳಬೇಕಾದ ಪ್ರಶ್ನೆ ಬೇರೆ. ಸಂದಿಯಲ್ಲಿ ಕೈ ಹೇಗೆ ತೂರಿಸುವುದು ಅಂತ ಯೋಚಿಸಬೇಡಿ. ಅಡ್ಡ ಇರುವುದನ್ನು ತೆಗೆಯುವುದು ಎಷ್ಟು ಹೊತ್ತಿನ ಕೆಲಸ ಅಂತ ನೋಡಿ. ಹೆಚ್ಚಿನ ಕಾರುಗಳಲ್ಲಿ ಬ್ಯಾಟರಿಗೆ ಬೇಕಿರುವುದು 10 ನಂಬರ್ ಸ್ಪ್ಯಾನರ್ ಒಂದೇ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಮೈನಸ್ ಇನ್ನೂ ಇರುವಾಗ ಪ್ಲಸ್‌ಗೆ ಹಾಕಿದ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ವಾಪಸ್ ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಎರಡೂ ಬಿಚ್ಚಿದ ಮೇಲೆ ಬ್ಯಾಟರಿ ಹಿಡಿದಿರುವ ಪಟ್ಟಿ ತೆಗೆದು ಅದನ್ನು ಎತ್ತಿ, ನೆಟ್ಟಗೇ ಹಿಡಿದು ಪಕ್ಕಕ್ಕಿಡಿ. ಭಾರ ಇರುತ್ತೆ, ಸೊಂಟ ನೋಡಿಕೊಳ್ಳಿ. ಗಡಿಯಾರ ಮತ್ತೆ ಸೆಟ್ ಮಾಡಿಕೊಳ್ಳಬಹುದು ಅಲ್ವಾ? ಕೆಲವು ಸ್ಟೀರಿಯೋಗಳು ಕೋಡ್ ಕೇಳುತ್ತವೆ, ಅದೊಂದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಜಾಗ ಆದಮೇಲೂ ನೇರ ಕಾಣಿಸದಿದ್ದರೆ ಮೊಬೈಲ್ ಒಳಗೆ ಹಿಡಿದು ಟಾರ್ಚ್ ಹಾಕಿ ವಿಡಿಯೋ ಮಾಡಿ. ಬಳೆ ಸಮನಾಗಿ ಕೂತಿದೆ ಅಂತ ಕಣ್ಣಾರೆ ಕಾಣುವ ತನಕ ಕ್ಲಿಪ್ ಮುಟ್ಟಬೇಡಿ. ಬಲ್ಬಿನ ಗಾಜನ್ನಂತೂ ಬರಿಗೈಯಲ್ಲಿ ಮುಟ್ಟಲೇಬೇಡಿ. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಅತಿಯಾಗಿ ಕಾದು ಬಲ್ಬ್ ಬೇಗ ಹೋಗುತ್ತದೆ. ಮುಟ್ಟಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ. ಕೊನೆಗೆ ರಬ್ಬರ್ ಕವರ್ ಸುತ್ತಲೂ ಬಿಗಿಯಾಗಿ ಕೂತಿದೆಯಾ ನೋಡಿ. ನಮ್ಮ ಮಲೆನಾಡಿನ ಮಳೆಗೆ ಸಣ್ಣ ಸಂದಿ ಇದ್ದರೂ ತೇವ ಒಳಗೆ ಹೋಗಿ ರಿಫ್ಲೆಕ್ಟರ್ ಮಂಕಾಗುತ್ತದೆ.

ಹೇಗೂ ಬಿಚ್ಚುತ್ತೇನೆ, ಹಾಗಾದರೆ 100/90 ವ್ಯಾಟಿನದು (ಹೈ 100, ಡಿಮ್ 90) ಹಾಕಲಾ ಅಂತಲೂ ಕೇಳಿದ್ದೀರಿ. ಬೇಡವೇ ಬೇಡ. ಕಾರಿನ ವೈರು, ಕಪ್ಲರ್ ಎಲ್ಲ 60/55 ವ್ಯಾಟ್ ಲೆಕ್ಕದಲ್ಲಿ ಮಾಡಿದ್ದು. ಜಾಸ್ತಿ ಕರೆಂಟ್ ಎಳೆದರೆ ಕಪ್ಲರ್ ಕರಗುತ್ತದೆ, ರಿಫ್ಲೆಕ್ಟರ್ ಸುಡುತ್ತದೆ. ಎದುರಿನಿಂದ ಬರುವವರ ಕಣ್ಣಿಗೂ ಹಿಂಸೆ. ಘಾಟಿಯಲ್ಲಿ ಎದುರಿನ ಬಸ್ಸಿನ ಡ್ರೈವರಿಗೆ ಕಣ್ಣು ಕತ್ತಲೆಯಾದರೆ ಅಪಾಯ ಇಬ್ಬರಿಗೂ ಇದೆ.

ಎಚ್4ನಲ್ಲಿ ಡಿಮ್ಮಿನ ಫಿಲಮೆಂಟ್ ಕೆಳಗೆ ಪುಟ್ಟ ಲೋಹದ ಮರೆ ಇರುತ್ತದೆ. ಬೆಳಕು ಮೇಲಕ್ಕೆ ಚಿಮ್ಮದಂತೆ ತಡೆಯುವುದು ಅದೇ. ಬಲ್ಬ್ ಓರೆಯಾಗಿ ಕೂತರೆ ಆ ಲೆಕ್ಕವೆಲ್ಲ ತಪ್ಪುತ್ತದೆ, ಲೈಟ್ ಉರಿಯುತ್ತಿದ್ದರೂ ರಸ್ತೆ ಕಾಣುವುದಿಲ್ಲ. ಆದ್ದರಿಂದ ಬ್ಯಾಟರಿ ವಾಪಸ್ ಹಾಕಿದ ಮೇಲೆ ಗಾಡಿಯನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ಡಿಮ್ ಹಾಕಿ. ಎರಡೂ ಕಡೆಯ ಬೆಳಕಿನ ಮೇಲಂಚು ಒಂದೇ ಎತ್ತರದಲ್ಲಿರಬೇಕು. ಎಡಗಡೆಯದು ಮೇಲೆ ಹೋಗಿದ್ದರೆ ಅಡ್ಜಸ್ಟ್‌ಮೆಂಟ್ ಸ್ಕ್ರೂ ತಿರುಗಿಸಲು ಹೋಗಬೇಡಿ, ಮೊದಲು ಬಲ್ಬ್ ತೆಗೆದು ಮತ್ತೆ ಕೂರಿಸಿ.

ಬಲಗಡೆ ಬಲ್ಬನ್ನೂ ಈಗಲೇ ಬದಲಿಸಿ. ಎರಡೂ ಒಂದೇ ಕಾಲದವಾದರೆ ಅದೂ ಸದ್ಯದಲ್ಲೇ ಹೋಗಬಹುದು. ತೆಗೆದದ್ದನ್ನು ಡಬ್ಬಿಯಲ್ಲಿ ಹಾಕಿ, 10 ನಂಬರ್ ಸ್ಪ್ಯಾನರ್ ಜೊತೆ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ.