ಇಟೈಪು: ಸಮಪಾಲಿನೊಳಗಿನ ತಕರಾರು

ಮಾನ್ಯರೇ,

ಕಳೆದ ಸಂಚಿಕೆಯ ಲೇಖನವನ್ನು ಓದಿ, ಎರಡು ದೇಶಗಳ ಗಡಿಯಲ್ಲಿ ಹರಿಯುವ ದಕ್ಷಿಣ ಅಮೆರಿಕದ ಪರಾನಾ ನದಿಯ ಇಟೈಪು ಅಣೆಕಟ್ಟಿನ ವಿದ್ಯುತ್ತು ಬ್ರೆಜಿಲ್‌ಗೂ ಪರಾಗ್ವೆಗೂ ಸಮಪಾಲು ಎಂದಮೇಲೆ ಪರಾಗ್ವೆಯವರದು ಇನ್ನೇನು ತಕರಾರು ಎಂದು ಕೇಳಿದ್ದೀರಿ. ತಮ್ಮ ಪಾಲಿಗೆ ಬಂದದ್ದನ್ನು ಬೇಕಾದವರಿಗೆ ಮಾರುವ ಹಕ್ಕು ತಮಗಿಲ್ಲ ಎಂಬುದೇ ಅವರ ತಕರಾರು.

1973ರ ಒಪ್ಪಂದದ ಪ್ರಕಾರ, ಒಂದು ದೇಶ ಬಳಸದೆ ಉಳಿಸಿದ ವಿದ್ಯುತ್ತು ಇನ್ನೊಂದಕ್ಕೇ ಸಲ್ಲಬೇಕು, ಮೂರನೆಯವರಿಗೆ ಮಾರುವಂತಿಲ್ಲ. ಪುಟ್ಟ ದೇಶವಾದ ಪರಾಗ್ವೆಗೆ ತನ್ನ ಪಾಲಿನ ಸಣ್ಣದೊಂದು ಅಂಶವೇ ಬಹುಕಾಲ ಸಾಕಾಗಿದ್ದರಿಂದ ಮಿಕ್ಕದ್ದೆಲ್ಲ ಬ್ರೆಜಿಲ್‌ಗೆ ಹೋಯಿತು, ಅದೂ ಮಾರುಕಟ್ಟೆ ದರಕ್ಕಲ್ಲದೆ, ಉತ್ಪಾದನಾ ವೆಚ್ಚದ ಮೇಲೆ ಒಂದಿಷ್ಟು ಪರಿಹಾರ ಸೇರಿಸಿದ ಮೊತ್ತಕ್ಕೆ. ಪರಾಗ್ವೆ ಹೂಡಬೇಕಿದ್ದ ಮೂಲ ಬಂಡವಾಳವನ್ನೂ ಬ್ರೆಜಿಲ್ಲೇ ಸಾಲವಾಗಿ ಒದಗಿಸಿತ್ತೆಂಬುದು ನಿಜ. ಆದರೂ 2009ರಲ್ಲಿ ಪರಾಗ್ವೆಯ ಅಧ್ಯಕ್ಷ ಫರ್ನಾಂಡೊ ಲುಗೊ ಪಟ್ಟು ಹಿಡಿದಾಗ ಬ್ರೆಜಿಲ್‌ನ ಅಧ್ಯಕ್ಷ ಲೂಲಾ ಆ ಪರಿಹಾರವನ್ನು ವರ್ಷಕ್ಕೆ ಸುಮಾರು 12 ಕೋಟಿ ಡಾಲರಿನಿಂದ 36 ಕೋಟಿಗೆ ಏರಿಸಲು ಒಪ್ಪಿದರು. ಮಾತುಕತೆಯಿಂದಲೇ ಮೂರು ಪಟ್ಟಾಗಬಲ್ಲ ಮೊತ್ತವು ಮೊದಲಿಗೆ ನ್ಯಾಯವಾಗಿತ್ತೆಂದು ನನಗನ್ನಿಸುವುದಿಲ್ಲ.

ಒಂದೇ ಅಣೆಕಟ್ಟಿನಲ್ಲಿ ಎರಡು ಬಗೆಯ ಯಂತ್ರಗಳೇಕೆ ಎಂಬ ನಿಮ್ಮ ಇನ್ನೊಂದು ಪ್ರಶ್ನೆಯ ಬೇರೂ ಇಲ್ಲೇ ಇದೆ. ತಲಾ 700 ಮೆಗಾವಾಟ್‌ನ 20 ಯಂತ್ರಗಳಲ್ಲಿ 10 ಪರಾಗ್ವೆಯ ಜಾಲಕ್ಕೆ ಹೊಂದುವ, ಸೆಕೆಂಡಿಗೆ 50 ಆವರ್ತನಗಳ ಎಸಿ (ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತು) ಕೊಡುವ 50 ಹರ್ಟ್ಸ್‌ನವು, ಉಳಿದ 10 ಬ್ರೆಜಿಲ್‌ನ 60 ಹರ್ಟ್ಸ್‌ನವು. ಹೀಗಾಗಿ ಪರಾಗ್ವೆಯ ಪಾಲಿನಲ್ಲಿ ಮಿಕ್ಕ ವಿದ್ಯುತ್ತು ಬ್ರೆಜಿಲ್‌ನ ಜಾಲಕ್ಕೆ ನೇರವಾಗಿ ಸೇರಲಾರದು. ಅದನ್ನು ಅಣೆಕಟ್ಟಿನ ಸಮೀಪವೇ ಡಿಸಿಗೆ (ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತಿಗೆ) ಪರಿವರ್ತಿಸಿ, 600 ಕಿಲೋವೋಲ್ಟ್ ತಂತಿಗಳಲ್ಲಿ ಸುಮಾರು 800 ಕಿ.ಮೀ. ದೂರದ ಸಾವೊ ಪಾಲೊ ಪ್ರದೇಶಕ್ಕೆ ಒಯ್ದು, ಅಲ್ಲಿ ಮತ್ತೆ 60 ಹರ್ಟ್ಸ್‌ನ ಎಸಿಯಾಗಿ ಮಾಡಿಕೊಳ್ಳುತ್ತಾರೆ.

ಅದೇ ನದಿಯಲ್ಲಿ ಅಣೆಕಟ್ಟಿಗಿಂತ ಮೇಲೆ ಇದ್ದ ಗುಐರಾ ಜಲಪಾತವನ್ನು ಉಳಿಸಿಕೊಳ್ಳಬಹುದಿತ್ತಲ್ಲವೇ ಎಂದೂ ಬರೆದಿದ್ದೀರಿ. ಅಷ್ಟು ಎತ್ತರದ ಕಟ್ಟೆ ಕಟ್ಟಿದ ಮೇಲೆ ಅದು ಸಾಧ್ಯವಿರಲಿಲ್ಲ. 1982ರ ಅಕ್ಟೋಬರ್‌ನಲ್ಲಿ ಜಲಾಶಯ ತುಂಬಿದಾಗ ಎರಡು ವಾರಗಳಲ್ಲಿ ಅದು ಮುಳುಗಿತು. 1960ರ ದಶಕದಲ್ಲಿ ಎರಡೂ ದೇಶಗಳು ತಮ್ಮದೆಂದು ಜಗಳವಾಡಿದ್ದ ಗಡಿಯ ನೆಲವೂ ಅದರೊಂದಿಗೇ ನೀರಿನಡಿ ಹೋಯಿತು.

ಕಟ್ಟೆಯ ಸಾಲ 2023ರ ಫೆಬ್ರವರಿಯಲ್ಲಿ ತೀರಿದೆ. ದರ ನಿಗದಿಯ ನಿಯಮಗಳಿರುವ ಅನುಬಂಧವನ್ನು 50 ವರ್ಷಗಳ ಬಳಿಕ ಪರಿಷ್ಕರಿಸಬೇಕೆಂಬ ಷರತ್ತಿನ ಅವಧಿಯೂ ಅದೇ ವರ್ಷ ಮುಗಿಯಿತು. ಸಾಲದ ಕಂತು ಇಲ್ಲದ ಮೇಲೆ ದರ ಇಳಿಯಲಿ ಎಂದು ಕೊಳ್ಳುವ ಬ್ರೆಜಿಲ್ ಕೇಳಿತು. ಇಳಿಯದಿರಲಿ ಎಂದು ಪರಾಗ್ವೆ ವಾದಿಸಿತು.

– ಸಂ.