ಆಟದಂಗಳ: ಮೂರು ನಸುಕು, ಒಂದು ಪಂದ್ಯದ ಅಂತರ

ಈ ವಾರ ಬಂದ ಪತ್ರಗಳಲ್ಲಿ ನಾಲ್ಕು ಬೇಸ್‌ಬಾಲಿನವು. ಕಬಡ್ಡಿ, ವಾಲಿಬಾಲ್ ಪ್ರಶ್ನೆಗಳನ್ನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೇನೆ. ಸಂಪಾದಕರಲ್ಲಿ ಕೇಳಿಕೊಂಡು ಸೋಮವಾರ, 2025ರ ಸೆಪ್ಟೆಂಬರ್ 22ರ ಬೆಳಿಗ್ಗೆವರೆಗೆ ಈ ಪುಟ ತಡೆಸಿದೆ. ಯಾಕೆಂದರೆ ಭಾನುವಾರದ ಫಲಿತಾಂಶ ಕೈಯಲ್ಲಿ ಇಲ್ಲದೆ ಇದನ್ನು ಬರೆಯುವ ಹಾಗಿರಲಿಲ್ಲ.

ಪ್ರಶ್ನೆ: ಮಾಷ್ಟ್ರೇ, ನನ್ನ ದೊಡ್ಡ ಮಗ ಇರುವುದು ಡೆಟ್ರಾಯಿಟಿನಲ್ಲಿ, ಚಿಕ್ಕವ ಕ್ಲೀವ್‌ಲ್ಯಾಂಡಿನಲ್ಲಿ. ಎರಡು ವಾರದಿಂದ ಫೋನ್ ಮಾಡಿದರೆ ಇಬ್ಬರದ್ದೂ ಬೇಸ್‌ಬಾಲ್ ಮಾತೇ. ದೊಡ್ಡವನ ಸ್ವರ ಬಾಡಿದೆ, ಚಿಕ್ಕವನ ಸ್ವರ ಹಾರುತ್ತಿದೆ. ಮಂಗಳವಾರದಿಂದ ಮೂರು ಪಂದ್ಯ ಇದೆಯಂತೆ. ಇದೆಂಥದ್ದು? ನಾನು ನೋಡಿದರೆ ಅರ್ಥ ಆದೀತಾ? (ಒಬ್ಬ ತಾಯಿ, ಮುಳ್ಳೇರಿಯ)

ಖಂಡಿತ ಅರ್ಥ ಆಗುತ್ತದೆ ಅಕ್ಕಾ. ದೊಡ್ಡವನ ಸ್ವರ ಯಾಕೆ ಬಾಡಿದೆ ಅಂತ ಮೊದಲು ಹೇಳುತ್ತೇನೆ. ಜುಲೈ 8ರಂದು ಅವನ ಊರಿನ ಡೆಟ್ರಾಯಿಟ್ ಟೈಗರ್ಸ್ ತಂಡ ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್‌ಗಿಂತ 15½ ಪಂದ್ಯ ಮುಂದಿತ್ತು (ಈ ಅರ್ಧದ ಲೆಕ್ಕ ಮುಂದಿನ ಉತ್ತರದಲ್ಲಿದೆ). ಎರಡೂ ಒಂದೇ ವಿಭಾಗದ ತಂಡಗಳು. ಅಮೆರಿಕನ್ ಲೀಗಿನ ಸೆಂಟ್ರಲ್ ವಿಭಾಗ ಅದು, ಐದು ತಂಡಗಳದ್ದು. ಈ ತಿಂಗಳ ಮೊದಲ ವಾರದಲ್ಲೂ ಡೆಟ್ರಾಯಿಟ್ ಹತ್ತು ಪಂದ್ಯಕ್ಕಿಂತ ಜಾಸ್ತಿ ಮುಂದಿತ್ತು. ಇವತ್ತು ಬೆಳಿಗ್ಗೆ ಲೆಕ್ಕ ನೋಡಿದರೆ ಉಳಿದದ್ದು ಒಂದೇ ಒಂದು ಪಂದ್ಯದ ಅಂತರ. ಡೆಟ್ರಾಯಿಟ್ 85 ಗೆಲುವು, ಕ್ಲೀವ್‌ಲ್ಯಾಂಡ್ 84. ಎರಡಕ್ಕೂ ಉಳಿದಿರುವುದು ಆರಾರು ಪಂದ್ಯ. ಅದರಲ್ಲಿ ಮೂರನ್ನು ಕ್ಲೀವ್‌ಲ್ಯಾಂಡಿನ ಅಂಗಳದಲ್ಲಿ ಎದುರುಬದುರಾಗಿ ಆಡುತ್ತಾರೆ. ಕಳೆದ ವಾರ ಡೆಟ್ರಾಯಿಟಿಗೇ ಹೋಗಿ ಕ್ಲೀವ್‌ಲ್ಯಾಂಡ್ ಮೂರಕ್ಕೆ ಮೂರೂ ಗೆದ್ದು ಬಂದಿದೆ. ಒಂದು ದಿನ ಡೆಟ್ರಾಯಿಟಿಗೆ ಒಂದು ರನ್ನೂ ಬರಲಿಲ್ಲ. ಏಪ್ರಿಲಿನಿಂದ ಕಟ್ಟಿದ ಗೋಡೆ ಕಣ್ಣೆದುರೇ ಜರಿದರೆ ಯಾರ ಸ್ವರ ಬಾಡುವುದಿಲ್ಲ ಹೇಳಿ?

ಈ ಎರಡು ಊರಿನ ಮಧ್ಯೆ ಈರಿ ಸರೋವರ ಇದೆ. ಅದನ್ನು ಸುತ್ತಿಕೊಂಡು ರಸ್ತೆಯಲ್ಲಿ ಹೋದರೆ ಸುಮಾರು 270 ಕಿಲೋಮೀಟರ್. 2018ರಲ್ಲಿ ಮಗಳ ಬಾಣಂತನಕ್ಕೆ ಅಂತ ನಾನೂ ನಮ್ಮ ಮನೆಯವಳೂ ಕ್ಲೀವ್‌ಲ್ಯಾಂಡಿನಲ್ಲಿ ಐದು ತಿಂಗಳು ಇದ್ದೆವು. ಆಗ ತಂಡದ ಹೆಸರು ಇಂಡಿಯನ್ಸ್. ಗಾರ್ಡಿಯನ್ಸ್ ಅಂತ ಬದಲಾದದ್ದು 2021ರ ಆಟಗಳು ಮುಗಿದ ಮೇಲೆ. ಮೈದಾನದ ಪಕ್ಕದ ಸೇತುವೆಯಲ್ಲಿ ನಿಂತಿರುವ ದೊಡ್ಡ ಕಲ್ಲಿನ ಕಾವಲು ವಿಗ್ರಹಗಳಿಂದ ಬಂದ ಹೆಸರು ಅದು. ಅಳಿಯ ನನ್ನನ್ನು ಕರೆದುಕೊಂಡು ಹೋದದ್ದು ಎಲ್ಲಕ್ಕಿಂತ ಹಿಂದಿನ, ಕಡಿಮೆ ಬೆಲೆಯ ಬೆಂಚಿಗೆ. ಮೂರನೇ ಇನಿಂಗ್ಸಿನವರೆಗೂ ನನಗೆ ಆಟ ಹತ್ತಲಿಲ್ಲ. ಆಮೇಲೆ ಬೆನ್ನ ಹಿಂದಿನಿಂದ ಡೋಲಿನ ಸದ್ದು ಬಂತು. ತಿರುಗಿ ನೋಡಿದೆ. ಕೊನೆಯ ಸಾಲಿನಲ್ಲಿ ವಯಸ್ಸಾದವರೊಬ್ಬರು ದೊಡ್ಡ ಡೋಲು ಇಟ್ಟುಕೊಂಡು ಬಾರಿಸುತ್ತಿದ್ದರು. ಅವರು ಜಾನ್ ಆಡಮ್ಸ್. 1973ರಿಂದ ಈ ತಂಡದ ಆಟಕ್ಕೆ ಬಾರಿಸಿಕೊಂಡು ಬಂದವರು. ತಮ್ಮ ಕಡೆಯವ ಎರಡನೇ ಬೇಸೋ ಮೂರನೇ ಬೇಸೋ (ರನ್ನಿಗಾಗಿ ಓಡುವಾಗ ಸಾಲಾಗಿ ಮುಟ್ಟಬೇಕಾದ ನೆಲೆಗಳು) ಮುಟ್ಟಿದನೆಂದರೆ ಕೋಲು ಏಳುತ್ತಿತ್ತು. ಮೊದಲು ನಿಧಾನ, ಆಮೇಲೆ ಬಿರುಸು. ಅವರ ಕೈಯ ಲಯಕ್ಕೆ ಸಾವಿರಾರು ಜನ ಚಪ್ಪಾಳೆ ಹೊಡೆಯುತ್ತಿದ್ದರು. ಬಯಲಾಟದಲ್ಲಿ ಬೆಳಗಿನ ಜಾವ, ತೂಕಡಿಸುತ್ತಿದ್ದ ಸಭೆ ಚೆಂಡೆಯ ಒಂದು ಪೆಟ್ಟಿಗೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತದಲ್ಲ, ಥೇಟ್ ಹಾಗೆ. ಅವರು 2023ರ ಜನವರಿಯಲ್ಲಿ ತೀರಿಕೊಂಡರು. ಅವರ ಬೆಂಚಿನಲ್ಲಿ ಕಂಚಿನ ಡೋಲು ಕೂರಿಸಿದ್ದಾರೆ. ಹಾಗಾಗಿ ಅಕ್ಕಾ, ನಾನು ಯಾರ ಕಡೆ ಅಂತ ನಿಮಗೆ ಗೊತ್ತಾಗಿರಬೇಕು. ದೊಡ್ಡ ಮಗನಲ್ಲಿ ಹೇಳಬೇಡಿ.

ನೋಡುವುದು ಹೇಗೆ ಅಂದರೆ, ಅಲ್ಲಿ ಸಂಜೆ ಆರೂವರೆ ಏಳರ ಹೊತ್ತಿಗೆ ಆಟ. ನಮಗೆ ಅದು ಮರುದಿನ ನಸುಕಿನ ನಾಲ್ಕು, ನಾಲ್ಕೂವರೆ. ಬುಧವಾರ, ಗುರುವಾರ, ಶುಕ್ರವಾರ. ನವರಾತ್ರಿ ಶುರುವಾಗಿದೆ, ಹೇಗೂ ಬೇಗ ಏಳುವ ದಿನಗಳು. 2023ರಿಂದ ಚೆಂಡೆಸೆಯಲು ಗಡಿಯಾರ ಇಟ್ಟಿದ್ದಾರೆ, ಆಟ ಮೊದಲಿನ ಹಾಗೆ ಎಳೆಯುವುದಿಲ್ಲ. ಎರಡೂವರೆ, ಎರಡೂ ಮುಕ್ಕಾಲು ಗಂಟೆಯಲ್ಲಿ ಸಾಮಾನ್ಯವಾಗಿ ಮುಗಿಯುತ್ತದೆ. ದೋಸೆ ಹೊಯ್ಯುವ ಹೊತ್ತಿಗೆ ಫಲಿತಾಂಶ ಬಂದಿರುತ್ತದೆ. ಮಳೆಗೆ ನೆಟ್‌ವರ್ಕ್ ಹೋದರೆ ಚಿತ್ರ ಬಿಟ್ಟು ಬರೀ ಸ್ಕೋರ್ ಇಟ್ಟುಕೊಳ್ಳಿ. ಆಟ ಮುಗಿದ ಕೂಡಲೇ ಸೋತ ಊರಿನ ಮಗನಿಗೆ ಮೊದಲು ಫೋನ್ ಮಾಡಿ. ಗೆದ್ದವನೇ ಆಮೇಲೆ ನಿಮಗೆ ಮಾಡುತ್ತಾನೆ.

ಪ್ರಶ್ನೆ: 162 ಪಂದ್ಯ ಆಡಿ, ಕೊನೆಗೆ ಮೂರು ಪಂದ್ಯಕ್ಕೆ ಇಷ್ಟು ಗಲಾಟೆಯಾ? ಅದೂ ಅರ್ಧ ಪಂದ್ಯದ ಅಂತರ ಅಂತೆಲ್ಲ ಬರೆಯುತ್ತಾರೆ. ಅರ್ಧ ಪಂದ್ಯ ಆಡುವುದು ಹೇಗೆ? (ಪೆರ್ಲದ ಓದುಗರು)

ಅರ್ಧ ಪಂದ್ಯ ಯಾರೂ ಆಡುವುದಿಲ್ಲ, ಅದು ಬರೀ ಲೆಕ್ಕ. ನಿಮ್ಮ ಒಂದು ಗೆಲುವಿಗೆ ಅರ್ಧ ಹೆಜ್ಜೆ ಮುಂದೆ, ಒಂದು ಸೋಲಿಗೆ ಅರ್ಧ ಹೆಜ್ಜೆ ಹಿಂದೆ. ನೀವು ಬೇರೆ ಯಾರ ಜೊತೆಗೋ ಆಡಿ ಗೆದ್ದಿರಿ, ಎದುರಾಳಿಗೆ ಆವತ್ತು ಆಟವಿಲ್ಲ ಅಂತಾದರೆ ಅಂತರ ಬದಲಾಗುವುದು ಅರ್ಧ. ಆದರೆ ಎದುರಾಳಿಯ ಜೊತೆಗೇ ಆಡಿದಿರೋ, ನಿಮ್ಮ ಗೆಲುವೂ ಅವರ ಸೋಲೂ ಒಂದೇ ರಾತ್ರಿ ಆಗಿಬಿಡುತ್ತದೆ. ಆಗ ಅಂತರ ಇಡೀ ಒಂದು ಸರಿಯುತ್ತದೆ. ಗಲಾಟೆ ಇರುವುದು ಅದಕ್ಕೇ.

ಈ ಸರಣಿಯನ್ನೇ ತೆಗೆದುಕೊಳ್ಳಿ. ಡೆಟ್ರಾಯಿಟ್ ಮೂರೂ ಗೆದ್ದರೆ ಅಂತರ ನಾಲ್ಕಾಗುತ್ತದೆ, ಉಳಿಯುವುದು ಮೂರೇ ಪಂದ್ಯ. ಅಲ್ಲಿಗೆ ವಿಭಾಗ ಅವರದ್ದು, ಮಾತು ಮುಗಿಯಿತು. ಎರಡು ಗೆದ್ದರೆ ಎರಡು ಪಂದ್ಯದ ಅಂತರ, ಉಸಿರಾಡಬಹುದು. ಕ್ಲೀವ್‌ಲ್ಯಾಂಡ್ ಎರಡು ಗೆದ್ದರೆ ಇಬ್ಬರೂ 86 ಗೆಲುವಿನಲ್ಲಿ ಸಮ. ಮೂರೂ ಗೆದ್ದರೆ ಕ್ಲೀವ್‌ಲ್ಯಾಂಡ್ ಎರಡು ಮುಂದೆ.

ಸಮ ಅಂದರೆ ಏನು ಅಂತ ಕೇಳಬಹುದು. ಇದು ಮುಖ್ಯ. ಮೊದಲೆಲ್ಲ ಕೊನೆಯಲ್ಲಿ ಸಮವಾದರೆ ಇನ್ನೊಂದು ಪಂದ್ಯ ಆಡಿಸುತ್ತಿದ್ದರು. 2022ರಿಂದ ಅದಿಲ್ಲ. ಆಯಾ ವರ್ಷ ಪರಸ್ಪರ ಆಡಿದ್ದರಲ್ಲಿ ಯಾರು ಜಾಸ್ತಿ ಗೆದ್ದಿದ್ದಾರೋ ಅವರಿಗೇ ವಿಭಾಗ. ಒಂದೇ ವಿಭಾಗದವರು ಈಗ ವರ್ಷಕ್ಕೆ 13 ಸಲ ಎದುರಾಗುತ್ತಾರೆ. ಈ ವರ್ಷದ ಆ ಲೆಕ್ಕದಲ್ಲಿ ಸದ್ಯ ಮುಂದಿರುವುದು ಕ್ಲೀವ್‌ಲ್ಯಾಂಡ್. ಹಾಗಾಗಿ ಪಟ್ಟಿಯಲ್ಲಿ ಒಂದು ಕಂಡರೂ ಡೆಟ್ರಾಯಿಟಿನ ಕೈಯಲ್ಲಿ ಇರುವುದು ಅದಕ್ಕಿಂತ ಕಡಿಮೆ ಅಂತಲೇ ನಾನು ಎಣಿಸುವುದು.

2022ರಲ್ಲೇ ಇದರ ಬಿಸಿ ನ್ಯೂಯಾರ್ಕ್ ಮೆಟ್ಸ್‌ಗೆ ತಟ್ಟಿತು. ಜೂನಿನಲ್ಲಿ ಅವರು ಅಟ್ಲಾಂಟಾ ಬ್ರೇವ್ಸ್‌ಗಿಂತ 10½ ಪಂದ್ಯ ಮುಂದಿದ್ದರು. ಸೆಪ್ಟೆಂಬರ್ 30ರಿಂದ ಮೂರು ದಿನ ಅಟ್ಲಾಂಟಾದಲ್ಲಿ ಆಡಿ ಮೂರನ್ನೂ ಕಳಕೊಂಡರು. ಕೊನೆಗೆ ಇಬ್ಬರದ್ದೂ 101 ಗೆಲುವು. ಪರಸ್ಪರ ಆಡಿದ್ದರಲ್ಲಿ ಅಟ್ಲಾಂಟಾಕ್ಕೆ 10, ಮೆಟ್ಸ್‌ಗೆ 9. ವಿಭಾಗ ಅಟ್ಲಾಂಟಾಕ್ಕೆ ಹೋಯಿತು. 101 ಪಂದ್ಯ ಗೆದ್ದ ತಂಡ ಒಂದು ವಾರದ ಒಳಗೆ ಮನೆಗೂ ಹೋಯಿತು.

ಇನ್ನೂ ಹಳೆಯದು 1978ರದ್ದು. ಬಾಸ್ಟನ್ ರೆಡ್ ಸಾಕ್ಸ್ ಜುಲೈಯಲ್ಲಿ ನ್ಯೂಯಾರ್ಕ್ ಯಾಂಕೀಸ್‌ಗಿಂತ 14 ಪಂದ್ಯ ಮುಂದಿತ್ತು. ಸೆಪ್ಟೆಂಬರ್ 7ರಿಂದ 10ರವರೆಗೆ ಬಾಸ್ಟನ್ನಿನಲ್ಲೇ ನಾಲ್ಕು ಪಂದ್ಯ. ಯಾಂಕೀಸ್ ನಾಲ್ಕೂ ಗೆದ್ದಿತು, ಒಟ್ಟು ರನ್ 42ಕ್ಕೆ 9. ಬರುವಾಗ ನಾಲ್ಕು ಹಿಂದಿದ್ದವರು ಹೋಗುವಾಗ ಸಮ. ಆದರೂ ಬಾಸ್ಟನ್ ಅಲ್ಲಿಗೇ ಬಿದ್ದುಹೋಗಲಿಲ್ಲ, ಅದನ್ನು ಜನ ಮರೆಯುತ್ತಾರೆ. ಕೊನೆಯ ಎಂಟು ಪಂದ್ಯ ಸಾಲಾಗಿ ಗೆದ್ದು ಮತ್ತೆ ಸಮ ಮಾಡಿಕೊಂಡಿತು. ಅಕ್ಟೋಬರ್ 2ರ ಹೆಚ್ಚುವರಿ ಪಂದ್ಯದಲ್ಲಿ 5-4ರಿಂದ ಸೋತಿತು. ಮುಳ್ಳೇರಿಯದ ಅಕ್ಕ ಇದನ್ನು ದೊಡ್ಡ ಮಗನಿಗೆ ಹೇಳಬಹುದು. ಮುನ್ನಡೆ ಕರಗಿದ ತಂಡದಲ್ಲಿ ಶಕ್ತಿ ಉಳಿದಿಲ್ಲ ಅಂತ ಸುಮ್ನೆ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಸೋತ ತಂಡ ಮನೆಗೆ ಹೋಗುವುದೇ? (ಉಪ್ಪಳದಿಂದ)

ಹೋಗಬೇಕೆಂದಿಲ್ಲ. ಒಂದೊಂದು ಲೀಗಿನಿಂದ ಆರು ತಂಡ ಮುಂದಕ್ಕೆ. ಮೂರು ವಿಭಾಗ ಗೆದ್ದವರು, ಉಳಿದ ಮೂವರು ವೈಲ್ಡ್ ಕಾರ್ಡಿನವರು, ಅಂದರೆ ವಿಭಾಗ ಗೆಲ್ಲದವರಲ್ಲಿ ಹೆಚ್ಚು ಪಂದ್ಯ ಗೆದ್ದವರು. ವಿಭಾಗ ಗೆದ್ದವರಲ್ಲಿ ಮೂರನೆಯವರೂ ಮೊದಲ ಸುತ್ತು ಆಡಬೇಕು, ಆದರೆ ಮೂರೂ ಪಂದ್ಯ ತಮ್ಮ ಅಂಗಳದಲ್ಲೇ. ಅದು ಸಣ್ಣ ಲಾಭವಲ್ಲ.

ಪ್ರಶ್ನೆ: ಸರ್, ನಾನು ಒಂಬತ್ತನೇ ಕ್ಲಾಸು. ಕ್ರಿಕೆಟಿನಲ್ಲಿ ಫಾಸ್ಟ್ ಬೌಲಿಂಗ್ ಮಾಡುತ್ತೇನೆ. ಬೇಸ್‌ಬಾಲಿನಲ್ಲಿ ಒಳ್ಳೆಯ ಪಿಚರ್ ಇದ್ದರೂ ದಿನಾ ಆಡಿಸುವುದಿಲ್ಲವಂತೆ, ಯಾಕೆ? ಈ ಮೂರು ಪಂದ್ಯ ಯಾರು ಗೆಲ್ಲಬಹುದು? (ಕುಂಬಳೆಯ ವಿದ್ಯಾರ್ಥಿ)

ನಿನ್ನ ಪ್ರಶ್ನೆಯೇ ಈ ಸರಣಿಯ ಬೀಗದ ಕೈ ಮಗಾ. ಕ್ರಿಕೆಟ್ ಪಿಚ್ 20.12 ಮೀಟರ್ ಉದ್ದ. ಬೇಸ್‌ಬಾಲಿನಲ್ಲಿ ಎಸೆಯುವವನ ಪಟ್ಟಿಯಿಂದ ಹೊಡೆಯುವವನ ಮುಂದಿರುವ ಹೋಮ್ ಪ್ಲೇಟಿಗೆ 18.44 ಮೀಟರ್. ಓಡಿ ಬರುವ ಹಾಗಿಲ್ಲ. 25 ಸೆಂಟಿಮೀಟರ್ ಎತ್ತರದ ಮಣ್ಣಿನ ದಿಬ್ಬದಲ್ಲಿ ನಿಂತಲ್ಲಿಂದಲೇ, ಮೊಣಕೈ ಮಡಚಿ ಬಿಡಿಸಿ, ಗಂಟೆಗೆ 150-160 ಕಿಲೋಮೀಟರ್ ವೇಗದಲ್ಲಿ ಎಸೆಯಬೇಕು. ಅಂಥ ಸುಮಾರು ನೂರು ಎಸೆತ. ಮರುದಿನ ಆ ಕೈ ಎತ್ತಲಿಕ್ಕೂ ಕಷ್ಟ. ಅದಕ್ಕೇ ಒಂದು ದಿನ ಎಸೆದವನಿಗೆ ಆಮೇಲೆ ನಾಲ್ಕೈದು ದಿನ ವಿಶ್ರಾಂತಿ. ಆಟ ಶುರುಮಾಡುವ ಪಿಚರ್‌ಗಳಿಗೆ ಸರದಿ ಇರುತ್ತದೆ. ಮೂರು ಪಂದ್ಯದ ಸರಣಿ ಬಂದಾಗ ಯಾರ ಸರದಿ ಯಾವ ದಿನಕ್ಕೆ ಬೀಳುತ್ತದೆ ಅನ್ನುವುದನ್ನೇ ಮೊದಲು ನೋಡಬೇಕು. ತಂಡದ ಹೆಸರು, ಪಟ್ಟಿಯ ಜಾಗ ಎಲ್ಲ ಆಮೇಲೆ.

ಮೊದಲ ದಿನ ಡೆಟ್ರಾಯಿಟಿಗೆ ಟಾರಿಕ್ ಸ್ಕೂಬಲ್ ಸರದಿ. ಎಡಗೈಯವ. ಕಳೆದ ವರ್ಷ 18 ಗೆಲುವು, 228 ಸ್ಟ್ರೈಕ್‌ಔಟ್ (ಮೂರು ಒಳ್ಳೆಯ ಎಸೆತ ಹೊಡೆಯಲಾಗದೆ ಔಟಾಗುವುದು), ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ, ಅದೂ ಮೊದಲ ಸ್ಥಾನದ ಒಂದು ಮತವೂ ಬೇರೆಯವರಿಗೆ ಹೋಗದೆ. ನೀನು ಫಾಸ್ಟ್ ಬೌಲರ್, ನಿನಗೆ ಗೊತ್ತಿರಬೇಕಾದದ್ದು ಅವನ ನಿಧಾನದ ಎಸೆತ, ಚೇಂಜ್‌ಅಪ್. ಕೈ ಬೀಸುವುದು ವೇಗದ ಚೆಂಡಿನ ಹಾಗೆಯೇ. ಚೆಂಡು ಮಾತ್ರ ತಡವಾಗಿ ಬರುತ್ತದೆ, ಬಂದು ಇಳಿಯುತ್ತದೆ. ಬ್ಯಾಟು ಅಷ್ಟರಲ್ಲಿ ಬೀಸಿ ಆಗಿರುತ್ತದೆ. ಫೋನಿನಲ್ಲಿ ನೋಡುವಾಗ ಚೆಂಡನ್ನು ನೋಡಬೇಡ, ಅವನ ಭುಜ ನೋಡು. ಎರಡೂ ಎಸೆತಕ್ಕೆ ಭುಜದಲ್ಲಿ ಏನಾದರೂ ಫರಕು ಕಾಣುತ್ತದಾ ಹುಡುಕು. ನಾನು ತುಂಬ ಸಲ ಹುಡುಕಿದೆ, ಸಿಗಲಿಲ್ಲ.

ಆದರೆ ಇದೇ ಕ್ಲೀವ್‌ಲ್ಯಾಂಡ್ ಮೈದಾನದಲ್ಲಿ 2024ರ ಅಕ್ಟೋಬರ್ 12ರಂದು ಇದೇ ಸ್ಕೂಬಲ್ ಎದುರು ಕ್ಲೀವ್‌ಲ್ಯಾಂಡಿನ ಲೇನ್ ಥಾಮಸ್ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದ. ಮೂರು ಬೇಸೂ ತುಂಬಿದ್ದಾಗಿನ ಹೋಮ್ ರನ್, ಒಂದೇ ಹೊಡೆತಕ್ಕೆ ನಾಲ್ಕು ರನ್. ಡೆಟ್ರಾಯಿಟ್ ಆ ದಿನವೇ ಆ ವರ್ಷದ ಮುಂದಿನ ಸುತ್ತುಗಳಿಂದ ಹೊರಬಿತ್ತು. ಸ್ಕೂಬಲ್‌ಗೆ ಅದು ನೆನಪಿರದೆ ಇರುತ್ತದಾ?

ಈ ಸಲ ಮೊದಲ ದಿನ ಕ್ಲೀವ್‌ಲ್ಯಾಂಡಿನ ಕಡೆ ಎಸೆಯುವುದು ಗ್ಯಾವಿನ್ ವಿಲಿಯಮ್ಸ್, ಎತ್ತರದ ಆಳು, ಬಲಗೈ. ಬ್ಯಾಟಿನಲ್ಲಿ ನೀನು ನೋಡಬೇಕಾದವ ಹೊಸೆ ರಾಮಿರೆಸ್. ಎಡಕ್ಕೂ ಬಲಕ್ಕೂ ನಿಂತು ಹೊಡೆಯುತ್ತಾನೆ, ಸ್ಕೂಬಲ್ ಎಡಗೈ ಆದ್ದರಿಂದ ಬಲಗೈಯಲ್ಲಿ ನಿಲ್ಲುತ್ತಾನೆ. ಕಳೆದ ವರ್ಷ 39 ಹೋಮ್ ರನ್ ಹೊಡೆದ, 41 ಬೇಸ್ ಕದ್ದ, ಅಂದರೆ ಯಾರೂ ಹೊಡೆಯದೆಯೇ ಓಡಿ ಮುಂದಿನ ಬೇಸ್ ಹಿಡಿದ. ಇನ್ನೊಂದು ಹೋಮ್ ರನ್ ಆಗಿದ್ದರೆ 40-40. ಕೊನೆಯ ಪಂದ್ಯಕ್ಕೆ ಮಳೆ ಬಂತು, ಆಟ ರದ್ದಾಯಿತು, ಲೆಕ್ಕ 39ರಲ್ಲೇ ನಿಂತಿತು. ನಮ್ಮ ಕಡೆಯ ಎಷ್ಟು ಫೈನಲ್‌ಗಳು ಹಾಗೆ ಮಳೆಗೆ ಹೋಗಿಲ್ಲ ಅಲ್ವಾ?

ನನ್ನ ಅಂದಾಜು ಕೇಳಿದೆ. ಬುಧವಾರ ನಸುಕಿನದ್ದು ಡೆಟ್ರಾಯಿಟಿಗೆ, ಸ್ಕೂಬಲ್‌ನಿಂದಾಗಿ. ಆಮೇಲಿನ ಎರಡೂ ಕ್ಲೀವ್‌ಲ್ಯಾಂಡಿಗೆ. ಯಾಕೆಂದರೆ ಡೆಟ್ರಾಯಿಟಿಗೆ ಒಬ್ಬ ತುಂಬ ದೊಡ್ಡ ಪಿಚರ್ ಇದ್ದಾನೆ, ಕ್ಲೀವ್‌ಲ್ಯಾಂಡಿಗೆ ಈ ತಿಂಗಳು ಸಾಲಾಗಿ ಒಳ್ಳೆಯವರು ಇದ್ದಾರೆ. ಸ್ಕೂಬಲ್ ಇದ್ದ ದಿನವೇ ಡೆಟ್ರಾಯಿಟ್ ಸೋತರೆ ಮಾತ್ರ ನನಗೆ ಆ ತಂಡದ ಬಗ್ಗೆ ನಿಜವಾಗಿ ಹೆದರಿಕೆ ಆಗುತ್ತದೆ.

ಇನ್ನೊಂದು ಕೆಲಸ ಮಾಡು. ನಾನು ಅಡಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಪಂದ್ಯ ಬರೆದುಕೊಳ್ಳುತ್ತೇನೆ. ಅಳಿಯ ಆ ಹಿಂದಿನ ಬೆಂಚಿನಲ್ಲಿ ಕಲಿಸಿದ್ದು. ಒಂಬತ್ತು ಆಟಗಾರರ ಜಾಗಕ್ಕೂ ಒಂದೊಂದು ನಂಬ್ರ. ಪಿಚರ್ 1, ಕ್ಯಾಚರ್ 2, ಮೊದಲ ಬೇಸಿನವ 3, ಎರಡನೆಯವ 4, ಮೂರನೆಯವ 5, ಎರಡನೇ ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹಿಂದಿನ ಮೂವರು ಎಡದಿಂದ 7, 8, 9. ಚೆಂಡು ಶಾರ್ಟ್‌ಸ್ಟಾಪ್ ಹಿಡಿದು, ಎರಡನೇ ಬೇಸಿಗೆ ಕೊಟ್ಟು, ಅಲ್ಲಿಂದ ಮೊದಲ ಬೇಸಿಗೆ ಹೋಗಿ ಇಬ್ಬರು ಔಟಾದರೆ 6-4-3 ಅಂತ ಬರೆ. ಬೀಸಿ ತಪ್ಪಿ ಸ್ಟ್ರೈಕ್‌ಔಟ್ ಆದರೆ ಇಂಗ್ಲಿಷಿನ ಕೆ ಅಕ್ಷರ, ಬ್ಯಾಟು ಎತ್ತದೆ ನೋಡುತ್ತಲೇ ನಿಂತು ಔಟಾದರೆ ಅದೇ ಕೆ ತಿರುಗಿಸಿ. ಮೂರು ದಿನದಲ್ಲಿ ಒಂದು ದಿನದ್ದಾದರೂ ಪೂರ್ತಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸು. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತೇನೆ.